ಗೆದ್ದವನಿಗೆ ನಾಲ್ಕು ಪದ್ಯ, ಸೋತವನಿಗೆ ಇಪ್ಪತ್ತೆರಡು

ನಮ್ಮ ಸೀಮೆಯಲ್ಲಿ ದೊಡ್ಡ ಮನುಷ್ಯರನ್ನು ಹೊಗಳಲು ಯಾರಾದರೂ ಹೊರಟರೆ ಇಂಥದ್ದೊಂದು ಆಗಿಯೇ ಆಗುತ್ತದೆ. ನಾನು ಹೊಗಳಿದವಳೂ ಅಲ್ಲ, ಹೊಗಳಿಸಿಕೊಂಡವಳೂ ಅಲ್ಲ. ಆದರೂ ಹೇಗೋ ಪಕ್ಕದಲ್ಲೇ ನಿಂತಿರುತ್ತೇನೆ, ಕೈಯಲ್ಲಿ ಕಾಗದ ಪೆನ್ಸಿಲ್ ಹಿಡಿದುಕೊಂಡು.

ಮೊನ್ನೆ ಬೆಂಗಳೂರಿನ ಒಂದು ಮಹಿಳಾ ಸಂಘದವರು ಚರ್ಚಾಸ್ಪರ್ಧೆಗೆ ತೀರ್ಪು ಕೊಡಲು ಕರೆದಿದ್ದರು. ಈ ಕಾಲದ ನಾಯಕರು ಸಂಗೀತ ನಾಟಕಕ್ಕೆ ತಕ್ಕ ವಸ್ತುವೇ, ಅಲ್ಲವೇ ಎಂಬುದು ವಿಷಯ. ಒಬ್ಬ ಹುಡುಗಿ, ರಾಜರು ಹಾಡಬಹುದಾದರೆ ಮಂತ್ರಿಗಳು ಯಾಕೆ ಹಾಡಬಾರದು ಎಂದಳು. ಇನ್ನೊಬ್ಬಳು, ರಾಜರಿಗಿದ್ದ ಗಾಂಭೀರ್ಯ ಇವರಿಗೆಲ್ಲಿದೆ ಎಂದಳು. ಇಬ್ಬರೂ ಚೆನ್ನಾಗಿ ಮಾತಾಡಿದರು. ಇಬ್ಬರೂ ಹಾರ್ಮೋನಿಯಂ ಪಕ್ಕ ಕೂತವರಲ್ಲ. ಇಬ್ಬರಿಗೂ ಸಮ ಅಂಕ ಕೊಟ್ಟು ಬಂದೆ. ಸರಿಯುತ್ತರ ನನಗೆ ಗೊತ್ತಿತ್ತು, ಆದರೆ ಅದು ಐದು ನಿಮಿಷದಲ್ಲಿ ಹೇಳುವಂಥದ್ದಲ್ಲ. ಈಗ ಹೇಳುತ್ತೇನೆ.

೧. ಗದೆ ಪಾರ್ಟು

ಅರವತ್ತರ ದಶಕದ ಕೊನೆಯಲ್ಲಿ ನನ್ನನ್ನು ನಂದಗುಡಿಯಿಂದ ಮೂರು ಮೈಲಿ ಒಳಗಿರುವ ಒಂದು ಊರಿನ ಮಿಡ್ಲ್‌ಸ್ಕೂಲಿಗೆ ಹಾಕಿದರು. ಹೊಸಕೋಟೆಯಲ್ಲಿ ಬೆಳಗಿನ ಬಸ್ಸು ಹತ್ತಿ, ಖಾಲಿ ಹಾಲಿನ ಕ್ಯಾನುಗಳ ಮಧ್ಯೆ ಕಾಲು ತೂರಿಸಿಕೊಂಡು ಕೂತು, ಇಳಿದ ಮೇಲೆ ಕೊನೆಯ ಒಂದು ಮೈಲಿ ರಾಗಿ ಹೊಲದ ಬದುವಿನ ಮೇಲೆ ನಡೆದರೆ ನಮ್ಮ ಸ್ಕೂಲು.

ಪ್ರತಿ ವರ್ಷ ರಾಗಿ ಕಣ ಮುಗಿದ ಮೇಲೆ ಆ ಊರಿನವರು ಒಂದು ಪೌರಾಣಿಕ ನಾಟಕ ಆಡುತ್ತಿದ್ದರು. ಕಲಿಸಲು ಊರಿನಲ್ಲೇ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಇದ್ದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಹೇಳಬೇಕಾದ್ದನ್ನು ಎಡಗೈಯಲ್ಲಿ ತಿದಿ ಒತ್ತಿ ಹೇಳುತ್ತಿದ್ದರು.

ನಾನು ಹೊರಗಿನವಳು. ನಾಟಕದಲ್ಲಿ ಎಲ್ಲರಿಗೂ ಒಳ್ಳೆಯವನ ಪಾತ್ರ ಬೇಕಿರುತ್ತದೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಎಲ್ಲರಿಗೂ ಬೇಕಾದದ್ದು ‘ಗದೆ ಪಾರ್ಟು’. ಅಂದರೆ ಮೊದಲಿನಿಂದ ಅಬ್ಬರಿಸಿ, ಕೊನೆಗೆ ತೊಡೆ ಮುರಿಸಿಕೊಂಡು ಸಾಯುವ ರಾಜನದು. ದೊಡ್ಡ ಕಿರೀಟ ಅವನಿಗೆ, ಹೆಚ್ಚು ಪದ್ಯ ಅವನಿಗೆ. ಆ ಪಾರ್ಟು ಊರಿನ ಪಂಚಾಯಿತಿ ಚೇರ್ಮನ್ನರಿಗೆ ಮೀಸಲು. ಐವತ್ತು ದಾಟಿದ ದಪ್ಪ ಮನುಷ್ಯ, ಕಂಠ ಮಾತ್ರ ಇಪ್ಪತ್ತರದ್ದು.

ಕೊನೆಗೆ ಗೆಲ್ಲುವ ಪಾರ್ಟು ಯಾರಿಗೂ ಬೇಡ. ಅವನಿಗೆ ಪದ್ಯವೂ ಇಲ್ಲ, ಹೊಡೆಯುವುದೊಂದೇ ಕೆಲಸ. ಅದನ್ನು ಚೇರ್ಮನ್ನರ ಮನೆ ಅಳಿಯನಿಗೆ ಕೊಡುತ್ತಿದ್ದರು. ಮಾವನ ಮನೆಯಲ್ಲಿ ಉಣ್ಣುವವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರಲಿಲ್ಲ. ಪ್ರತಿ ವರ್ಷ ಆತ ಊರೆಲ್ಲ ನೋಡುತ್ತಿರುವಾಗ ಮಾವನ ತೊಡೆಗೆ ಹೊಡೆಯಬೇಕು. ಹೊಡೆಯುವ ಮೊದಲು ಕಣ್ಣಲ್ಲೇ ಅಪ್ಪಣೆ ಕೇಳುತ್ತಿದ್ದ.

ನಾನು ನೋಡಿದ ಮೊದಲ ವರ್ಷ, ಚೇರ್ಮನ್ನರು ತೊಡೆ ಹಿಡಿದುಕೊಂಡು ಬಿದ್ದು, ಮಲಗಿಕೊಂಡೇ ಒಂದು ಪದ್ಯ ಹಾಡಿ ಪ್ರಾಣ ಬಿಟ್ಟರು. ಜನ ಒನ್ಸ್ ಮೋರ್ ಅಂದರು. ಎದ್ದರು. ಅಳಿಯ ಮತ್ತೆ ಹೊಡೆದ. ಮತ್ತೆ ಹಾಡಿ ಸತ್ತರು. ಮತ್ತೆ ಒನ್ಸ್ ಮೋರ್. ನಾಲ್ಕನೇ ಸಲಕ್ಕೆ ಅಳಿಯ ಗದೆ ಊರಿಕೊಂಡು ಕೂತುಬಿಟ್ಟ. ಚೇರ್ಮನ್ನರು ಸತ್ತು ಸತ್ತು ಹುರುಪಾಗುತ್ತಿದ್ದರು. ಗೆದ್ದವನು ಗೆದ್ದು ಗೆದ್ದು ಸುಸ್ತಾಗಿದ್ದ.

೨. ರುಜುವಿಗೆ ಯಾವ ರಾಗ

ನಮ್ಮ ಸ್ಕೂಲಿನಲ್ಲಿ ಏಳನೇ ತರಗತಿಯವರೆಗೆ ಮಾತ್ರ ಇತ್ತು. ಎಂಟಕ್ಕೆ ಹುಡುಗರು ಬಸ್ಸು ಹತ್ತುತ್ತಿದ್ದರು, ಹುಡುಗಿಯರು ಹಸೆ ಹತ್ತುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರ ಮಗಳು ಏಳರಲ್ಲಿದ್ದಳು. ನಾನು ಅಲ್ಲಿ ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ಅಷ್ಟು ಚುರುಕಿನ ಹುಡುಗಿಯನ್ನು ನೋಡಲಿಲ್ಲ. ಅವಳ ಸೋದರಮಾವ ಜಡಿಗೇನಹಳ್ಳಿಯವನು. ಅವನ ಮಗ ಮದುವೆ ವಯಸ್ಸಿಗೆ ಬಂದಿದ್ದ. ಸೋದರಮಾವ ತಂಗಿಗೆ ಒಂದು ಮಾತು ಕೊಟ್ಟಿದ್ದ: “ಮಗು ಸ್ಕೂಲಿಗೆ ಹೋಗೋ ಗಂಟ ನಾನು ಬಂದು ಕೇಳಲ್ಲ. ಸ್ಕೂಲು ಬಿಟ್ಟ ದಿನ ತಾಂಬೂಲದ ತಟ್ಟೆ ತಗೊಂಡು ಬರ್ತೀನಿ.” ಪರೀಕ್ಷೆಗೆ ಎರಡು ತಿಂಗಳಿತ್ತು.

ಆಗ ಚೇರ್ಮನ್ನರಿಗೊಂದು ಯೋಚನೆ ಬಂತು. ನಮ್ಮ ಭಾಗದ ಎಮ್ಮೆಲ್ಲೆಯನ್ನು ಊರಿಗೆ ಕರೆಸಿ, ಈ ಸಲ ಪುರಾಣ ಬಿಟ್ಟು ಅವರ ಮೇಲೇ ನಾಟಕ ಆಡಿ, ಖುಷಿಯಲ್ಲಿರುವಾಗ ಹೈಸ್ಕೂಲಿನ ಅರ್ಜಿ ಮುಂದಿಡುವುದು. ಬರೆಯುವುದು ನನ್ನ ಪಾಲಿಗೆ ಬಂತು. ಊರಿಗೆ ಬಿ.ಎ. ಆಗಿ ಬಂದವಳು ನಾನೊಬ್ಬಳೇ ಎಂಬ ಕಾರಣಕ್ಕೆ. ನಾನು ಓದಿದ್ದು ಅರ್ಥಶಾಸ್ತ್ರ.

ಇಬ್ಬರೂ ಹಾರ್ಮೋನಿಯಂ ಮೇಷ್ಟ್ರ ಮನೆಗೆ ಹೋದೆವು, ಅವರು ಒಪ್ಪಲಿಲ್ಲ.

“ಕಿರೀಟ ಇಟ್ಕೊಂಡೋನು ಹಾಡ್ಬೋದಮ್ಮ. ಟೋಪಿ ಹಾಕ್ಕೊಂಡೋನು ಯಾಕೆ ಹಾಡ್ತಾನೆ? ಅವ್ನು ಮಾತಾಡ್ತಾನೆ.”

“ಈ ಕಾಲಕ್ಕೆ ಅವರೇ ರಾಜರಲ್ವೇ ಮೇಷ್ಟ್ರೇ?” ಎಂದೆ.

“ಇರ್ಲಿ. ಏನು ಮಾಡವ್ರೆ ಹೇಳಿ, ರಾಗ ಹಾಕ್ತೀನಿ.”

ಚೇರ್ಮನ್ನರು ಹೆಮ್ಮೆಯಿಂದ, “ಊರಿಗೆ ಕರೆಂಟು ತಂದ್ರು,” ಎಂದರು.

ಮೇಷ್ಟ್ರು ಹಾರ್ಮೋನಿಯಂ ಮುಂದಕ್ಕೆಳೆದುಕೊಂಡರು. “ಕರೆಂಟಿಗೋಸ್ಕರ ತಪಸ್ಸು ಮಾಡಿದ್ರಾ?”

“ಇಲ್ಲ.”

“ಹೆಂಡ್ತಿನ ಬಿಟ್ಟು ಕಾಡಿಗೆ ಹೋದ್ರಾ?”

“ಅವ್ರ್ಯಾಕೆ ಹೋಗ್ತಾರೆ? ಅರ್ಜಿ ಕೊಟ್ವಿ, ರುಜು ಹಾಕಿದ್ರು.”

ಮೇಷ್ಟ್ರು ಮುಚ್ಚಳ ಹಾಕಿದರು. “ರುಜುವಿಗೆ ಯಾವ ರಾಗ ಚೇರ್ಮನ್ರೇ? ನೀವೇ ಹೇಳಿ.”

ಆಗ ನಾನು, “ಹೈಸ್ಕೂಲು ಬಂದ್ರೆ ನಿಮ್ಮ ಮಗಳು ಎಂಟನೇ ಕ್ಲಾಸಿಗೆ ಕೂತ್ಕೋತಾಳೆ,” ಎಂದೆ. ಮೇಷ್ಟ್ರ ಹೆಂಡತಿ ಒಳಗಿನಿಂದ ಒಂದು ಪಾತ್ರೆಯನ್ನು ಬೇಕೆಂದೇ ಜೋರಾಗಿ ಇಟ್ಟರು. ಮೇಷ್ಟ್ರು ಮುಚ್ಚಳ ತೆಗೆದರು.

“ಮೋಹನದಲ್ಲಿ ಕೂರುತ್ತೇನೋ ನೋಡೋಣ,” ಎಂದರು. “ಆದ್ರೆ ರುಜು ಸಣ್ಣದಾಗಿರ್ಲಿ.”

೩. ಪಕ್ಷನಿಷ್ಠೆ

ಬರೆಯಲು ಕೂತಾಗ ಗೊತ್ತಾಯಿತು, ನಾಟಕಕ್ಕೆ ಯುದ್ಧ ಬೇಕು. ನಮ್ಮ ಎಮ್ಮೆಲ್ಲೆ ಯುದ್ಧ ಮಾಡಿದವರಲ್ಲ. ಎಲೆಕ್ಷನ್ನನ್ನೇ ಯುದ್ಧ ಮಾಡಿದೆ. ಎದುರಿಗೆ ಒಬ್ಬ ಬೇಕಲ್ಲ, ಹಿಂದಿನ ಎಲೆಕ್ಷನ್ನಿನಲ್ಲಿ ಅವರ ಎದುರು ನಿಂತು ಸೋತಿದ್ದ ಅಭ್ಯರ್ಥಿಯನ್ನು ತಂದೆ. ಆ ಮನುಷ್ಯನೂ ನಮ್ಮ ಭಾಗದವನೇ. ನಮ್ಮೂರಿನಲ್ಲಿ ಅವನಿಗೆ ಬಿದ್ದಿದ್ದ ವೋಟನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಆ ಬೆರಳುಗಳು ಯಾರವು ಎಂದು ಚೇರ್ಮನ್ನರು ಇನ್ನೂ ಹುಡುಕುತ್ತಿದ್ದರು.

ನಾನು ನ್ಯಾಯವಾಗಿ ಇಬ್ಬರಿಗೂ ಹದಿಮೂರು ಹದಿಮೂರು ಪದ್ಯ ಬರೆದು ಕೊಟ್ಟೆ. ಮೇಷ್ಟ್ರು ಒಂದೊಂದನ್ನೇ ನುಡಿಸಿ ನೋಡಿದರು. ಗೆದ್ದವನ ಪದ್ಯಗಳು ಒಂದೊಂದಾಗಿ ಉದುರತೊಡಗಿದವು.

“ಗೆದ್ದೋನು ಏನಂತ ಹಾಡ್ತಾನಮ್ಮ? ಬಂದೋರ್ಗೆಲ್ಲ ವಂದನೆ ಅಂತಾನೆ. ವಂದನೆಗೆ ಹಾರ್ಮೋನಿಯಂ ಯಾಕೆ, ಮೈಕು ಸಾಕು. ಸೋತೋನು ನೋಡಿ, ನಂಬಿದೋರು ಕೈಬಿಟ್ರು ಅಂತಾನೆ, ಊಟ ಸೇರಲ್ಲ ಅಂತಾನೆ, ಹೆಂಡ್ತಿಗೆ ಯಾವ ಮುಖ ತೋರ್ಸ್ಲಿ ಅಂತಾನೆ. ಅಲ್ಲಿ ರಾಗ ತಾನಾಗೇ ಬರ್ತದೆ.”

ಕೊನೆಗೆ ಗೆದ್ದವನಿಗೆ ನಾಲ್ಕು ಪದ್ಯ ಉಳಿಯಿತು. ಸೋತವನಿಗೆ ಇಪ್ಪತ್ತೆರಡಾಯಿತು. ಅದರಲ್ಲಿ ವೋಟು ಎಣಿಸಿದ ಸಂಜೆ ಒಬ್ಬನೇ ಕೂತು ಹಾಡುವ ಒಂದು ಪದ್ಯಕ್ಕೆ ಮೇಷ್ಟ್ರು ಜೀವಮಾನದಲ್ಲಿ ಕಲಿತದ್ದನ್ನೆಲ್ಲ ಸುರಿದಿದ್ದರು.

ಪಾರ್ಟು ಹಂಚುವ ದಿನ ಚೇರ್ಮನ್ನರು ಎಲ್ಲರಿಗಿಂತ ಮೊದಲು ಎದ್ದು, “ಎಮ್ಮೆಲ್ಲೆ ಸಾಹೇಬ್ರ ಪಾರ್ಟು ನಂದು. ಅವ್ರ ಪಕ್ಷಕ್ಕೆ ದುಡಿದೋನು ನಾನು,” ಎಂದರು. ಯಾರೂ ಎದುರಾಡಲಿಲ್ಲ. ಆಮೇಲೆ ಮೇಷ್ಟ್ರು ಎಲ್ಲ ಪದ್ಯಗಳನ್ನೂ ಒಮ್ಮೆ ಹಾಡಿ ತೋರಿಸಿದರು. ಚೇರ್ಮನ್ನರು ಕೂತಲ್ಲೇ ಒಂದೆರಡು ಸಲ ಮಗ್ಗುಲು ಬದಲಾಯಿಸಿದರು.

“ಯೋಚ್ನೆ ಮಾಡ್ದೆ,” ಎಂದರು. “ಎದುರಾಳಿ ಪಾರ್ಟು ಇನ್ಯಾರ್ಗೋ ಕೊಟ್ರೆ ಸರ್ಯಾಗಿ ಸೋಲಲ್ಲ. ನಮ್ಮ ಸಾಹೇಬ್ರ ಮರ್ಯಾದೆ ಪ್ರಶ್ನೆ. ಅದನ್ನ ನಾನೇ ಮಾಡ್ತೀನಿ.”

ಸೊಸೈಟಿ ಸೆಕ್ರೆಟರಿ ಥಟ್ಟನೆ ಎದ್ದ. ಆತನೂ ಎಮ್ಮೆಲ್ಲೆಯ ಪಕ್ಷದವನೇ. “ನಿಮಗಿಂತ ನಾನು ಚೆನ್ನಾಗಿ ಸೋಲ್ತೀನಿ ಚೇರ್ಮನ್ರೇ.”

“ಲೇ, ನೀನು ಯಾವತ್ತಯ್ಯ ಸೋತಿದ್ದೀಯ?”

“ಹೋದ ವರ್ಷ ಪಂಚಾಯ್ತಿಲಿ ನಿಮ್ಮ ಕೈಲೇ ಸೋತ್ನಲ್ಲ.”

ಸೋತ ಅನುಭವ ಸೆಕ್ರೆಟರಿಗಿತ್ತು. ಆದರೆ ಕಂಠ ಚೇರ್ಮನ್ನರಿಗಿತ್ತು. ಪಾರ್ಟು ಅವರಿಗೇ ಹೋಯಿತು. ಎಮ್ಮೆಲ್ಲೆಯ ಪಾರ್ಟು ಯಾರಿಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ನೋಡಿದರು. ಅಳಿಯ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ. ಮಾವ ಕೆಮ್ಮಿದರು, ಚಪ್ಪಲಿ ಬಿಟ್ಟು ಒಳಗೆ ಬಂದ.

೪. ಮನುಷ್ಯರ ಡ್ರೆಸ್

ವೇಷಭೂಷಣ ಬಾಡಿಗೆಗೆ ತರಲು ಚೇರ್ಮನ್ನರ ಜೊತೆ ನಾನೂ ಬೆಂಗಳೂರಿಗೆ ಹೋಗಬೇಕಾಯಿತು. ನಾಟಕದ ಡ್ರೆಸ್ ಕೊಡುವ ಅಂಗಡಿ. ಒಳಗೆ ಗೋಡೆ ತುಂಬ ಕಿರೀಟ, ಸೂರಿಗೆ ಸಿಕ್ಕಿಸಿದ ಗದೆಗಳು, ಮೂಲೆಯಲ್ಲಿ ಒಂದು ಗರುಡನ ರೆಕ್ಕೆ. ಅಂಗಡಿಯವರು ರಸೀದಿ ಪುಸ್ತಕ ತೆಗೆದು, ತಲೆಯೆತ್ತದೆ ಕೇಳಿದರು.

“ದೇವ್ರಾ, ರಾಕ್ಷಸ್ರಾ?”

“ಎರಡೂ ಅಲ್ಲ,” ಎಂದೆ. “ಎಮ್ಮೆಲ್ಲೆ.”

ಈಗ ತಲೆಯೆತ್ತಿದರು. “ಹಾಡ್ತಾರಾ?”

“ನಾಲ್ಕು ಪದ್ಯ.”

“ಹಂಗಾದ್ರೆ ಮಂತ್ರಿ ಸೆಟ್ ತಗೊಂಡೋಗಿ. ಪೇಟ, ಸೊಂಟಕ್ಕೆ ಕಠಾರಿ, ಗಡ್ಡ ಬೇಕಂದ್ರೆ ಗಡ್ಡ.”

“ಆ ಮಂತ್ರಿ ಅಲ್ಲ. ಈಗಿನೋರು. ಪಂಚೆ, ಜುಬ್ಬ, ಟೋಪಿ.”

ಅವರು ರಸೀದಿ ಪುಸ್ತಕ ಮುಚ್ಚಿ ಕೈಮುಗಿದರು. “ತಪ್ಪು ತಿಳ್ಕೋಬೇಡಿ ತಾಯಿ. ಮೂವತ್ತು ವರ್ಷದಿಂದ ಈ ಅಂಗಡಿ ನಡೆಸ್ತಾ ಇದ್ದೀವಿ. ಮನುಷ್ಯರ ಡ್ರೆಸ್ ನಾವು ಇಡಲ್ಲ.”

ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ಸು ಹೊರಡುವವರಲ್ಲ ನಮ್ಮ ಚೇರ್ಮನ್ನರು. ಹೇಗೂ ಬಂದಿದ್ದೇವಲ್ಲ ಎಂದು ದೊಡ್ಡ ಕಿರೀಟವನ್ನೂ ಭುಜಕೀರ್ತಿಯನ್ನೂ ಒಂದು ಗದೆಯನ್ನೂ ತಮ್ಮ ಪಾರ್ಟಿಗೆಂದು ಬಾಡಿಗೆಗೆ ತೆಗೆದುಕೊಂಡರು. “ಎಲೆಕ್ಷನ್ನಿಗೆ ನಿಂತೋರಿಗೆ ಕಿರೀಟ ಯಾಕೆ ಚೇರ್ಮನ್ರೇ?” ಎಂದು ಕೇಳಿದೆ.

“ಸೋಲೋದಕ್ಕಮ್ಮ,” ಎಂದರು. “ತಲೆ ಮೇಲೆ ಏನೂ ಇಲ್ದೋನು ಸೋತ್ರೆ ಕಾಣೋದೇ ಇಲ್ಲ.”

ಎಮ್ಮೆಲ್ಲೆಯ ಪಾರ್ಟಿಗೆ ಅಳಿಯ ತನ್ನ ಮದುವೆಯ ಪಂಚೆಯನ್ನೇ ಉಟ್ಟ.

೫. ಮಧ್ಯಾಹ್ನ ಮೂರಕ್ಕೆ

ಎಮ್ಮೆಲ್ಲೆ ಬರುವುದಕ್ಕೆ ಒಪ್ಪಿದರು, ಆದರೆ ಕತ್ತಲಾಗುವ ಮೊದಲು ಬೆಂಗಳೂರು ಸೇರಬೇಕಂತೆ. ಆದ್ದರಿಂದ ಆ ಊರಿನ ಚರಿತ್ರೆಯಲ್ಲೇ ಮೊದಲ ಸಲ ನಾಟಕ ಮಧ್ಯಾಹ್ನ ಮೂರಕ್ಕೆ ಶುರುವಾಯಿತು.

ಪೆಟ್ರೋಮ್ಯಾಕ್ಸ್ ಬೆಳಕಿಗೆ ಹದವಾಗಿ ಕಾಣುವ ಬಣ್ಣ ಬಿಸಿಲಿಗೆ ಬೇರೆಯೇ ಕಾಣುತ್ತದೆ. ಚೇರ್ಮನ್ನರು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದರು. ಕಿರೀಟದ ಗಾಜು ಬಿಸಿಲಿಗೆ ಹೊಳೆದು ಮುಂದಿನ ಸಾಲಿನವರ ಕಣ್ಣಿಗೆ ಕುಕ್ಕುತ್ತಿತ್ತು. ಮುಂದಿನ ಸಾಲಿನಲ್ಲಿ ನಡುವೆ ಎಮ್ಮೆಲ್ಲೆ ಕೂತಿದ್ದರು, ಹಾರ ಹಾಕಿಸಿಕೊಂಡು, ಕಣ್ಣು ಕಿರಿದು ಮಾಡಿಕೊಂಡು. ಹೈಸ್ಕೂಲಿನ ಅರ್ಜಿ ಹೆಡ್‌ಮೇಷ್ಟ್ರ ಜೇಬಿನಲ್ಲಿತ್ತು. ಪರದೆಯ ಹಿಂದೆ ಮೇಷ್ಟ್ರ ಮಗಳು ನನ್ನ ನೋಟ್‌ಬುಕ್ ಹಿಡಿದುಕೊಂಡು, ಮಾತು ಮರೆತವರಿಗೆ ಹೇಳಿಕೊಡಲು ಕೂತಿದ್ದಳು.

ಅಳಿಯ ಬಂದು, ಬಂದವರಿಗೆಲ್ಲ ವಂದನೆ ಎಂಬ ಪದ್ಯ ಹಾಡಿದ. ಜನ ನೀರು ಕುಡಿಯಲು ಎದ್ದರು. ಚೇರ್ಮನ್ನರು ಗದೆ ತಿರುಗಿಸುತ್ತಾ ಬಂದರು. ಜನ ಓಡಿ ಬಂದು ಕೂತರು.

ಮೊದಲ ಪದ್ಯ ಮುಗಿಯುತ್ತಿದ್ದಂತೆ ಹಿಂದಿನ ಹುಲ್ಲಿನ ಬಣವೆಯ ಕಡೆಯಿಂದ ಯಾರೋ ಒನ್ಸ್ ಮೋರ್ ಎಂದು ಕೂಗಿದರು. ಯಾರೆಂದು ಕಾಣಲಿಲ್ಲ. ತಲೆಗೆ ಟವಲು ಮುಸುಕು ಹಾಕಿಕೊಂಡ ಯಾರೋ ಒಬ್ಬ. ಆಮೇಲೆ ಊರಿಗೆ ಊರೇ ಕೂಗಲು ಶುರು ಮಾಡಿತು. ಮಧ್ಯದಲ್ಲಿ ಮೇದು ಬಂದ ದನಗಳು ತಮ್ಮ ದಾರಿ ಬಿಟ್ಟುಕೊಡದೆ ಎಮ್ಮೆಲ್ಲೆಯ ಮುಂದೆಯೇ ಹಾದುಹೋದವು. ಅಷ್ಟು ಹೊತ್ತು ಚೇರ್ಮನ್ನರು ಒಂದೇ ಸ್ವರವನ್ನು ಹಿಡಿದು ನಿಂತಿದ್ದರು. ಅದಕ್ಕೂ ಒನ್ಸ್ ಮೋರ್ ಬಿತ್ತು.

ಕೊನೆಗೆ ವೋಟು ಎಣಿಕೆ. ಅಳಿಯ ಗೆದ್ದ. ಚಪ್ಪಾಳೆಗೆಂದು ಕಾದ. ಬರಲಿಲ್ಲ. ಚೇರ್ಮನ್ನರು ಕಿರೀಟ ತೆಗೆದು ಪಕ್ಕದಲ್ಲಿಟ್ಟು, ಒಬ್ಬರೇ ಕೂತು, ಮೇಷ್ಟ್ರು ಸುರಿದಿದ್ದನ್ನೆಲ್ಲ ಹಾಡಿದರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಮ್ಮೆಲ್ಲೆಯ ಡ್ರೈವರು ಮೂಗೊರೆಸಿಕೊಂಡ. ಅದನ್ನು ಮೂರು ಸಲ ಹಾಡಿಸಿದರು. ಸೋತು ಹೋಗುವವನನ್ನು ನೋಡಲಾರದೆ ಒಬ್ಬ ಅಜ್ಜಿ ಎದ್ದು, ಕೋಲೂರಿಕೊಂಡು ಮುಂದಿನ ಸಾಲಿಗೆ ಬಂದು, ಎಮ್ಮೆಲ್ಲೆಯ ಮುಂದೆ ನಿಂತಳು.

“ಸಾಮಿ,” ಎಂದಳು. “ನೀವು ಇನ್ನೆಷ್ಟ್ ಸಲ ಅಂತ ಗೆಲ್ತೀರ? ಪಾಪ, ಅವ್ನಿಗೂ ಒಂದ್ಸಲ ಬಿಟ್ಕೊಡಿ.”

ಎಮ್ಮೆಲ್ಲೆ ಗಡಿಯಾರ ನೋಡಿಕೊಂಡು ಎದ್ದರು. ಹೆಡ್‌ಮೇಷ್ಟ್ರು ಜೇಬಿಗೆ ಕೈ ಹಾಕುವಷ್ಟರಲ್ಲಿ ಕಾರು ಹೊರಟಿತ್ತು.

೬. ಸಾಹೇಬರ ವರದಿ

ಏಳನೇ ತರಗತಿ ಪರೀಕ್ಷೆಯ ಫಲಿತಾಂಶ ಬಂತು. ಮೇಷ್ಟ್ರ ಮಗಳು ಎಲ್ಲದರಲ್ಲೂ ಮೊದಲು. ಅವಳ ತಾಯಿ ಆ ದಿನ ಸಂಜೆ ಸ್ಕೂಲಿಗೆ ಬಂದರು. ಮುಖ ಸಪ್ಪಗಿತ್ತು.

“ಟೀಚರಮ್ಮ, ಯಾಕೆ ಪಾಸು ಮಾಡಿದ್ರಿ?”

“ನಾನಲ್ಲಕ್ಕ, ಅವಳೇ ಪಾಸಾಗಿರೋದು.”

“ಈಗ ಸ್ಕೂಲು ಬಿಟ್ಟಂಗೆ ಆಯ್ತಲ್ಲ. ನಮ್ಮಣ್ಣ ನಾಳೆ ತಟ್ಟೆ ತಗೊಂಡು ಬಂದ್ಬಿಡ್ತಾನೆ.” ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಪಾಸಾದೋರು ಮತ್ತೆ ಅದೇ ಕ್ಲಾಸಲ್ಲಿ ಕೂರ್ಬಾರ್ದು ಅಂತ ಏನಾದ್ರೂ ಕಾನೂನು ಐತಾ?” ಎಂದು ಕೇಳಿದರು. ನಾಟಕದ ಮಾತಿನ ದಿನ ಪಾತ್ರೆ ಕುಕ್ಕಿದ್ದು ಮಗಳ ಪರವಾಗಿ ಎಂದು ನನಗೆ ಆಗ ಗೊತ್ತಾಯಿತು.

ಕಾನೂನು ನನಗೂ ಗೊತ್ತಿರಲಿಲ್ಲ, ಹೆಡ್‌ಮೇಷ್ಟ್ರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮೀರಿದ ಹಾಗಾಗುವುದಿಲ್ಲ ಎಂದು ಹುಡುಗಿಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದೆವು. ಸೋದರಮಾವ ಬಂದ, ಕಿಟಕಿಯಿಂದ ಇಣುಕಿದ, ಹುಡುಗಿ ಸ್ಕೂಲಿನಲ್ಲಿಯೇ ಇದ್ದಳು, ವಾಪಸ್ಸು ಹೋದ. ಕೊಟ್ಟ ಮಾತಿನಂತೆ ನಡೆಯುವ ಮನುಷ್ಯ. ಮುಂದಿನ ವರ್ಷವೂ ಬಂದ, ಇಣುಕಿದ, ಹೋದ.

ಎರಡನೇ ವರ್ಷ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಏಳನೇ ತರಗತಿಗೆ ಪ್ರಶ್ನೆ ಕೇಳಿದರು. ಪ್ರಶ್ನೆ ಅರ್ಧವಾಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಉತ್ತರ ಬರುತ್ತಿತ್ತು. ಬಡ್ಡಿ ಲೆಕ್ಕ, ನದಿಗಳ ಹೆಸರು, ಹೃದಯದ ಕವಾಟಗಳು, ಎಲ್ಲ. ಒಂದು ಕಡೆ ಸಾಹೇಬರೇ ತಪ್ಪಿದರು. ಅದನ್ನೂ ತಿದ್ದಿದಳು, ಪುಟದ ಸಂಖ್ಯೆ ಸಮೇತ.

ಸಾಹೇಬರು ಹುಡುಗಿಯ ಎತ್ತರ ನೋಡಿದರು, ನನ್ನನ್ನು ನೋಡಿದರು. ವರದಿ ಪುಸ್ತಕದಲ್ಲಿ ಬರೆದು ಹೋದರು: “ಏಳನೇ ತರಗತಿಯ ಮಟ್ಟ ಬಹಳ ಚೆನ್ನಾಗಿದೆ. ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದೆ.”

೭. ಸೋಲಿನ ಹಕ್ಕು

ಅದೇ ವರ್ಷ ಎಲೆಕ್ಷನ್ ಬಂತು. ನಮ್ಮ ಎಮ್ಮೆಲ್ಲೆ ಸೋತರು. ನಾವು ಮಧ್ಯಾಹ್ನದ ಬಿಸಿಲಿನಲ್ಲಿ, ಹಾರ್ಮೋನಿಯಂ ಇಟ್ಟು, ಇಪ್ಪತ್ತೆರಡು ಪದ್ಯಗಳಲ್ಲಿ ಸೋಲಿಸಿದ್ದ ಮನುಷ್ಯ ಗೆದ್ದ.

ವಾರದೊಳಗೆ ಕರೆ ಬಂತು. ನಾಟಕ ಬರೆದವರು, ರಾಗ ಹಾಕಿದವರು, ಪಾರ್ಟು ಮಾಡಿದವರು, ಮೂವರೂ ಹೊಸಕೋಟೆಯ ಪ್ರವಾಸಿ ಬಂಗಲೆಗೆ ಬರಬೇಕು. ಚೇರ್ಮನ್ನರು ದಾರಿಯುದ್ದಕ್ಕೂ “ಬರೆದೋರು ಟೀಚರಮ್ಮ” ಎಂದು ಮೆಲ್ಲಗೆ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

ಹೊಸ ಎಮ್ಮೆಲ್ಲೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. “ನಾನು ಸೋತಿದ್ದನ್ನ ಹಾಡಿ ತೋರ್ಸಿದ್ದು ಯಾರು?” ಎಂದರು.

ಚೇರ್ಮನ್ನರು ನನ್ನನ್ನು ತೋರಿಸಿದರು. ನಾನು ಮೇಷ್ಟ್ರನ್ನು ನೋಡಿದೆ. ಮೇಷ್ಟ್ರು ಫ್ಯಾನು ನೋಡಿದರು.

“ನಾನೂ ಬಂದಿದ್ದೆ,” ಎಂದರು ಎಮ್ಮೆಲ್ಲೆ. “ಬಣವೆ ಹಿಂದೆ ಇದ್ದೆ. ಟವಲು ಮುಸುಕು ಹಾಕ್ಕೊಂಡಿದ್ದೆ.”

ಚೇರ್ಮನ್ನರ ಮುಖ ಬಣ್ಣವಿಲ್ಲದೆಯೇ ಬದನೆಕಾಯಾಯಿತು. “ಮೊದಲ್ನೇ ಒನ್ಸ್ ಮೋರ್...” ಎಂದರು.

“ನಂದೇ. ಮಿಕ್ಕಿದ್ದೆಲ್ಲ ನಿಮ್ಮೂರೋರ್ದು. ಹಿಂದಿನ ಸಲ ನಿಮ್ಮೂರಲ್ಲಿ ನಂಗೆ ನಾಲ್ಕು ವೋಟೂ ಬಿದ್ದಿರ್ಲಿಲ್ಲ. ಈ ಸಲ ಊರೆಲ್ಲ ಹಾಕವ್ರೆ. ಒಬ್ಳು ಅಜ್ಜಿ ನನ್ನ ಗಲ್ಲ ಹಿಡ್ಕೊಂಡು, ಅವತ್ತು ಎಷ್ಟು ಅತ್ಬಿಟ್ಯಪ್ಪ ನೀನು ಅಂದ್ಳು. ಏನು ಬೇಕು ಕೇಳಿ.”

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, “ಎಂಟನೇ ಕ್ಲಾಸು,” ಎಂದರು. ಅಷ್ಟೇ. ಎರಡು ವರ್ಷದಿಂದ ಹೆಡ್‌ಮೇಷ್ಟ್ರ ಜೇಬಿನಲ್ಲಿ ಮಡಿಕೆ ಮಡಿಕೆಯಾಗಿದ್ದ ಅರ್ಜಿಯನ್ನು ನಾನು ಕೇಳಿ ತಂದಿದ್ದೆ, ಮುಂದಿಟ್ಟೆ. ಎಮ್ಮೆಲ್ಲೆ ಅದರ ಮೇಲೆ ತಮ್ಮ ಶಿಫಾರಸು ಬರೆದು ರುಜು ಹಾಕಿದರು. ಮೇಷ್ಟ್ರು ಬಗ್ಗಿ ಅದನ್ನು ನೋಡಿದರು. ವಾಪಸ್ಸು ಬಸ್ಸಿನಲ್ಲಿ ಏನೋ ಗುನುಗುತ್ತಿದ್ದರು. ಯಾವ ರಾಗ ಎಂದು ಕೇಳಿದೆ.

“ಮೋಹನ,” ಎಂದರು. “ರುಜುವಿಗೂ ಕೂರ್ತದಮ್ಮ. ನಿಜವಾಗಿ ಬಿದ್ದಿರ್ಬೇಕು, ಅಷ್ಟೇ.”

ಮಂಜೂರಾತಿ ಬಂತು. ಜೂನ್ ತಿಂಗಳಲ್ಲಿ ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ ಎಂಟನೇ ತರಗತಿ ತೆರೆಯುವುದೆಂದಾಯಿತು. ಎಮ್ಮೆಲ್ಲೆಯದು ಒಂದೇ ಷರತ್ತು: ಆರಂಭದ ದಿನ ಅದೇ ನಾಟಕ ಆಡಬೇಕು.

ಗೆದ್ದವರು ಬದಲಾಗಿದ್ದರಲ್ಲ, ನಾನು ಕೂತು ಹೆಸರುಗಳನ್ನು ಅದಲು ಬದಲು ಮಾಡಿದೆ. ಎರಡು ದಿನ ಮೊದಲು ಎಮ್ಮೆಲ್ಲೆ ಏರ್ಪಾಟು ನೋಡಲು ಬಂದರು. ಅಂಗಳದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದೆವು.

“ನಂಗೆ ಎಷ್ಟು ಪದ್ಯ?” ಎಂದರು.

“ನಾಲ್ಕು.”

“ಹೋದ್ಸಲ ಇಪ್ಪತ್ತೆರಡಿತ್ತು.”

“ಹೋದ ಸಲ ನೀವು ಸೋತಿದ್ರಿ. ಈಗ ಗೆದ್ದಿದ್ದೀರಿ.”

ಅವರು ಸ್ವಲ್ಪ ಯೋಚಿಸಿದರು. “ಗೆದ್ದಿರೋದು ಎಲ್ರಿಗೂ ಗೊತ್ತೇ ಐತೆ. ಅದನ್ನ ಹಾಡ್ಬೇಕಾ? ನಾಟಕದಲ್ಲಿ ನಾನು ಸೋತೇ ಇರ್ತೀನಿ. ಪದ್ಯ ಮಾತ್ರ ಒಂದೂ ಮುಟ್ಬೇಡಿ.”

ಸರಿ ಎಂದು ಬರೆದುಕೊಳ್ಳುವಷ್ಟರಲ್ಲಿ ಇನ್ನೊಂದು ಕಾರು ಬಂದು ನಿಂತಿತು. ಹಳೆಯ ಎಮ್ಮೆಲ್ಲೆ. ಊರಿನವರು ಮರ್ಯಾದೆಗೆಂದು ಅವರಿಗೂ ಹೇಳಿ ಕಳಿಸಿದ್ದರು. ಇಳಿದವರು ನೇರವಾಗಿ ನನ್ನ ಹತ್ತಿರ ಬಂದರು.

“ಏನಮ್ಮ, ಈಗ ಸೋತಿರೋನು ನಾನು. ಆ ಪದ್ಯಗಳು ನ್ಯಾಯವಾಗಿ ನಂಗೆ ಸೇರ್ಬೇಕಲ್ವಾ?”

“ನೀವು ಸೋತಿರೋದು ಒಂದೇ ಸಲ,” ಎಂದರು ಹೊಸಬರು, ಕುರ್ಚಿಯಲ್ಲೇ ಕೂತು. “ನಾನು ಇದಕ್ಕೆ ಮುಂಚೆ ಎರಡು ಸಲ ಸೋತಿದ್ದೀನಿ.”

“ತಾಲ್ಲೂಕು ಬೋರ್ಡಲ್ಲಿ ನಾನು ಸೋತಿದ್ದು ಲೆಕ್ಕಕ್ಕಿಲ್ವಾ?”

“ಅದು ಹಳೇ ಕಾಲದ ಮಾತು. ಹಾಲಿನ ಸೊಸೈಟಿಲಿ ನನ್ನ ಠೇವಣಿನೇ ಹೋಯ್ತು, ಗೊತ್ತಾ ನಿಮಗೆ?”

“ನಮ್ಮ ಮನೇಲಿ ನನ್ನ ತಮ್ಮನೇ ನಂಗೆ ವೋಟು ಹಾಕ್ಲಿಲ್ಲ ಸ್ವಾಮಿ.”

ಅರ್ಧ ಗಂಟೆ ಹೀಗೇ ನಡೆಯಿತು. ಎಲೆಕ್ಷನ್ನಿನಲ್ಲಿ ಗೆಲುವಿಗಾಗಿ ಅವರು ಇಷ್ಟು ಕಷ್ಟಪಟ್ಟದ್ದನ್ನು ನಾವು ಯಾರೂ ನೋಡಿರಲಿಲ್ಲ. ಚೇರ್ಮನ್ನರಿಗೆ ಯಾವ ಕಡೆ ತಲೆದೂಗಬೇಕೆಂದು ತಿಳಿಯದೆ ಎರಡೂ ಕಡೆ ದೂಗಿ ಕತ್ತು ಹಿಡಿದುಕೊಂಡಿತು.

ಕೊನೆಗೆ ಹಾರ್ಮೋನಿಯಂ ಮೇಷ್ಟ್ರು ಕೈಯೆತ್ತಿದರು. “ಇಬ್ರೂ ಸೋಲಿ,” ಎಂದರು. “ಹನ್ನೊಂದು ಹನ್ನೊಂದು ಪದ್ಯ.”

ಇಬ್ಬರೂ ಒಪ್ಪಿದರು. ಸೋಲಿನ ಒಂದು ಪಾರ್ಟು ಚೇರ್ಮನ್ನರಿಗೆ, ಇನ್ನೊಂದು ಕೊನೆಗೂ ಸೊಸೈಟಿ ಸೆಕ್ರೆಟರಿಗೆ. ಹಾಗಾದರೆ ಗೆದ್ದವನು ಯಾರು ಎಂದು ಕೇಳಿದೆ. ಇಬ್ಬರಿಗೂ ಅದರಲ್ಲಿ ಆಸಕ್ತಿ ಇರಲಿಲ್ಲ. “ಯಾರೋ ಒಬ್ಬ ಅಂತ ಬರ್ಕೊಳ್ಳಿ,” ಎಂದರು ಹಳಬರು. ಚೇರ್ಮನ್ನರು ಮನೆಯ ಕಡೆ ತಿರುಗಿ ಅಳಿಯನನ್ನು ಕೂಗಿದರು.

ಆರಂಭದ ದಿನ ಬೆಳಗ್ಗೆ ಎಂಟನೇ ತರಗತಿಯ ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ಮೇಷ್ಟ್ರ ಮಗಳದ್ದು. ಸೋದರಮಾವ ಎಂದಿನಂತೆ ಬಂದು ಏಳನೇ ತರಗತಿಯ ಕಿಟಕಿಯಲ್ಲಿ ಇಣುಕಿದ, ಹುಡುಗಿ ಕಾಣಲಿಲ್ಲ, ಮುಖ ಅರಳಿತು. ಪಕ್ಕದ ಕಿಟಕಿಗೆ ಹೋದ. ಸ್ವಲ್ಪ ಹೊತ್ತು ನೋಡಿ, “ಇನ್ನೆಷ್ಟು ಕೋಣೆ ಕಟ್ಟಿಸ್ತಾರಂತೆ?” ಎಂದು ನನ್ನನ್ನು ಕೇಳಿ, ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಮಕ್ಕಳಿಗೆ ಹಂಚಿ ಬಸ್ಸು ಹತ್ತಿದ.

ಮಧ್ಯಾಹ್ನ ನಾಟಕವಾಯಿತು. ಮುಂದಿನ ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು, ತಮ್ಮ ತಮ್ಮ ಸೋಲಿಗೆ ತಾವೇ ಒನ್ಸ್ ಮೋರ್ ಕೂಗಿದರು. ಪರದೆಯ ಹಿಂದೆ ಎಂಟನೇ ತರಗತಿಯ ಹುಡುಗಿ ಮಾತು ಹೇಳಿಕೊಡುತ್ತಿದ್ದಳು. ಜನ ಅತ್ತರು. ಯಾರೋ ಒಬ್ಬ ಗೆದ್ದ.

ಎಲ್ಲ ಮುಗಿದು ಜನ ಚದುರಿದ ಮೇಲೆ, ನಾನು ನೋಟ್‌ಬುಕ್ ಎತ್ತಿಡುತ್ತಿದ್ದಾಗ ಆ ಗೆದ್ದವನು ಹತ್ತಿರ ಬಂದು ನಿಂತ. ಮದುವೆಯ ಪಂಚೆ ಅಲ್ಲಲ್ಲಿ ಸವೆದಿತ್ತು. ಹಿಂದೆ ಮಾವ ಇಲ್ಲವೆಂದು ಖಚಿತ ಮಾಡಿಕೊಂಡು ಮೆಲ್ಲಗೆ ಹೇಳಿದ.

“ಟೀಚರಮ್ಮ, ನಾನು ಈ ಊರಿಗೆ ಬಂದಾಗ್ಲಿಂದ ಗೆಲ್ತಾನೇ ಇದ್ದೀನಿ. ನಿಮ್ಮ ದಮ್ಮಯ್ಯ, ನನ್ನೂ ಒಂದ್ಸಲ ಸೋಲ್ಸಿ.”